ಬೋಳಾದ ಹೇಂಟೆಯನ್ನು ಸಂತೆಗೆ ಹಾಕಬೇಡಿ

ಪ್ರಶ್ನೆ: ನಮ್ಮದು ಶಿಗ್ಗಾವಿ ತಾಲ್ಲೂಕಿನ ಒಂದು ಹಳ್ಳಿ. ಹಿತ್ತಲಲ್ಲಿ ಐದು ಜವಾರಿ ಹೇಂಟೆ, ಮೂರು ಗಿರಿರಾಜ ತಳಿಯ ಹೇಂಟೆ, ಒಂದು ಹುಂಜ ಇವೆ. ಎಲ್ಲವಕ್ಕೂ ಒಂದೂವರೆ ವರ್ಷದ ಆಸುಪಾಸು. ಸೀಗಿ ಹುಣ್ಣಿಮೆ ಕಳೆದ ಮೇಲೆ ಒಂದೊಂದೇ ಗರಿ ಉದುರಿಸತೊಡಗಿದವು. ದೀಪಾವಳಿ ದಾಟುವಷ್ಟರಲ್ಲಿ ಗೂಡಿನ ತುಂಬ ಗರಿ, ತತ್ತಿ ಮಾತ್ರ ಒಂದೂ ಇಲ್ಲ. ಮೊನ್ನೆಯವರೆಗೆ ತಪ್ಪದೆ ತತ್ತಿ ಇಡುತ್ತಿದ್ದ ಕೆಂಪು ಗಿರಿರಾಜ ಹೇಂಟೆ ಒಂದೇ ವಾರದಲ್ಲಿ ಕೊರಳು, ಬೆನ್ನು, ಬಾಲ ಎಲ್ಲ ಬೋಳಾಗಿ ನೋಡಲಾಗದಂತಾಗಿದೆ. ಅತ್ತೆಯವರು ದೃಷ್ಟಿ ತಾಗಿದೆ ಎಂದು ಗೂಡಿನೊಳಗೆ ಮೆಣಸಿನಕಾಯಿ ಹೊಗೆ ಹಾಕಿದರು. ಪಕ್ಕದ ಮನೆಯವರು ಔಷಧದ ಪುಡಿ ಕೊಟ್ಟು ನೀರಿನಲ್ಲಿ ಕಲಸಿ ಇಡಿ ಎಂದರು. ಇನ್ನೊಬ್ಬರು ಎರಡು ದಿನ ಉಪವಾಸ ಕೆಡವಿದರೆ ಬೇಗ ಮುಗಿಯುತ್ತದೆ ಎಂದರು. ತತ್ತಿ ಇಡದ ಕೋಳಿಗೆ ಕಾಳು ಯಾಕೆ, ಕೆಂಪು ಹೇಂಟೆಯನ್ನು ಮೊದಲು ಮಾರಿಬಿಡೋಣ ಎನ್ನುವುದು ಯಜಮಾನರ ಮಾತು. ಇದು ರೋಗವೇ? ಎಷ್ಟು ದಿನ ಹೀಗೆ? ನಾನೇನು ಮಾಡಲಿ?

ಉತ್ತರ: ಮೊದಲು ಸಂತೆಯ ಮಾತು ಮುಗಿಸೋಣ. ಆ ಕೆಂಪು ಹೇಂಟೆಯನ್ನು ದಯವಿಟ್ಟು ಮಾರಬೇಡಿ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಹಿತ್ತಲಿನ ಎಂಟು ಹೇಂಟೆಗಳಲ್ಲಿ ಬಹುಶಃ ಅದೇ ಒಳ್ಳೆಯ ತತ್ತಿಯ ಕೋಳಿ. ಕೊನೆಯವರೆಗೆ ತತ್ತಿ ಇಟ್ಟಿದೆ, ಉಳಿದವುಗಳಿಗಿಂತ ತಡವಾಗಿ ಗರಿ ಬಿಟ್ಟಿದೆ, ಬಿಡುವಾಗ ಒಮ್ಮೆಲೇ ಬಿಟ್ಟಿದೆ. ಈ ಮೂರೂ ಒಂದೇ ಕೋಳಿಯಲ್ಲಿ ಕಂಡರೆ ಅದನ್ನು ಜೋಪಾನ ಮಾಡಬೇಕು. ಧಾರವಾಡ, ಗದಗ, ಹಾವೇರಿಯ ಹಳ್ಳಿಗಳಲ್ಲಿ ಮೂವತ್ತು ವರ್ಷದಿಂದ ಕೋಳಿ ನೋಡುತ್ತಿದ್ದೇನೆ. ಪ್ರತಿ ವರ್ಷವೂ ದೀಪಾವಳಿಯಿಂದ ಎಳ್ಳಮಾವಾಸ್ಯೆಯವರೆಗೆ ಸಂತೆಗಳಲ್ಲಿ ಅರ್ಧ ಬೋಳಾದ ಹೇಂಟೆಗಳು ಕಾಲು ಕಟ್ಟಿಸಿಕೊಂಡು ಬುಟ್ಟಿಯಲ್ಲಿ ಕೂತಿರುತ್ತವೆ. ಕೊಳ್ಳುವವರು ರೋಗದ ಕೋಳಿ ಎಂದು ಬೆಲೆ ಇಳಿಸುತ್ತಾರೆ, ಮಾರುವವರು ಕಾಳಾದರೂ ಉಳಿಯಿತು ಎಂದು ಮನೆಗೆ ಹೋಗುತ್ತಾರೆ. ಮನೆಯ ಒಳ್ಳೆಯ ಕೋಳಿ ಹೀಗೆ ಕೈಬಿಟ್ಟು ಹೋಗುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದ್ದರಿಂದಲೇ ನಿಮ್ಮ ಪತ್ರಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ.

ಇದು ರೋಗವಲ್ಲ, ಗರಿ ಬದಲಿಸುವ ಕಾಲ. ನಮ್ಮ ಕೂದಲು ಬುಡದಿಂದ ಬೆಳೆಯುತ್ತಲೇ ಇರುತ್ತದೆ. ಕೋಳಿಯ ಗರಿ ಹಾಗಲ್ಲ. ಒಮ್ಮೆ ಪೂರ್ತಿ ಬೆಳೆದ ಮೇಲೆ ಅದರೊಳಗೆ ರಕ್ತವೂ ಇಲ್ಲ, ಜೀವವೂ ಇಲ್ಲ. ವರ್ಷವಿಡೀ ಮಳೆ, ಬಿಸಿಲು, ಮುಳ್ಳುಬೇಲಿ, ಹುಂಜದ ಕಾಲು ಇವುಗಳಿಗೆ ಸಿಕ್ಕಿ ಸವೆದರೆ ಸವೆದದ್ದೇ. ಹರಿದ ಗರಿಯನ್ನು ಕೋಳಿ ತೇಪೆ ಹಾಕಿಕೊಳ್ಳಲಾರದು, ಕೆಡವಿ ಹೊಸದನ್ನು ಹುಟ್ಟಿಸಬೇಕು. ಮರಿಯಾಗಿದ್ದಾಗಲೂ ನಿಮ್ಮ ಕೋಳಿಗಳು ಇದನ್ನು ಮಾಡಿವೆ. ಹತ್ತಿಯಂಥ ನುಣುಪು ತುಪ್ಪುಳ ಹೋಗಿ ಗರಿ ಬಂತಲ್ಲ, ಅದೂ ಇದೇ. ಆಗ ಮೈ ಚಿಕ್ಕದು, ತತ್ತಿಯ ಪ್ರಶ್ನೆಯೂ ಇರಲಿಲ್ಲ, ಹಾಗಾಗಿ ನಮ್ಮ ಗಮನಕ್ಕೆ ಬರಲಿಲ್ಲ. ಬೆಳೆದ ಕೋಳಿ ಮೊದಲ ಸಲ ಪೂರ್ತಿ ಗರಿ ಬದಲಿಸುವುದು ಸಾಮಾನ್ಯವಾಗಿ ಹದಿನಾರರಿಂದ ಹದಿನೆಂಟು ತಿಂಗಳಿಗೆ. ನಿಮ್ಮವುಗಳ ವಯಸ್ಸು ಅದೇ.

ಸೀಗಿ ಹುಣ್ಣಿಮೆಯ ಆಚೆಗೇ ಯಾಕೆ ಶುರುವಾಯಿತು ಎಂದರೆ, ಹಗಲು ಚಿಕ್ಕದಾಗುತ್ತಿದೆ. ನಮ್ಮ ಹುಬ್ಬಳ್ಳಿ ಸುತ್ತಿನಲ್ಲಿ ಜೂನ್ ಕೊನೆಗೆ ಹಗಲು ಸುಮಾರು 13 ಗಂಟೆ, ಡಿಸೆಂಬರ್ ಕೊನೆಗೆ 11 ಕಾಲು ಗಂಟೆ. ಎರಡು ಗಂಟೆಗೂ ಕಡಿಮೆಯ ಈ ವ್ಯತ್ಯಾಸ ನಮಗೆ ತಿಳಿಯುವುದೇ ಇಲ್ಲ, ಕೋಳಿಯ ಮೈಗೆ ತಿಳಿಯುತ್ತದೆ. ಬೆಳಕು ಕಡಿಮೆಯಾದಂತೆ ತತ್ತಿ ಕಟ್ಟಿಸುವ ಹಾರ್ಮೋನುಗಳು ಇಳಿಯುತ್ತವೆ, ಥೈರಾಯ್ಡ್ ಗ್ರಂಥಿಯ ಕೆಲಸ ಚುರುಕಾಗುತ್ತದೆ, ಹಳೆಯ ಗರಿಯ ಬುಡದಲ್ಲಿ ಹೊಸ ಗರಿ ಮೊಳೆತು ಹಳೆಯದನ್ನು ಹೊರಗೆ ನೂಕುತ್ತದೆ. ಚಳಿ ದೇಶಗಳಲ್ಲಿ ಬೇಸಗೆಗೂ ಚಳಿಗಾಲಕ್ಕೂ ಹಗಲಿನ ವ್ಯತ್ಯಾಸ ಬಹಳ, ಅಲ್ಲಿ ಇಡೀ ಹಿಂಡು ಹೆಚ್ಚು ಕಡಿಮೆ ಒಟ್ಟಿಗೇ ಬೋಳಾಗುತ್ತದೆ. ನಮ್ಮಲ್ಲಿ ಅಷ್ಟು ಅಚ್ಚುಕಟ್ಟು ಇರುವುದಿಲ್ಲ. ಒಂದು ದಸರೆಗೆ, ಇನ್ನೊಂದು ಕಾರ್ತಿಕದಲ್ಲಿ, ಮತ್ತೊಂದು ಸಂಕ್ರಾಂತಿ ಹತ್ತಿರ ಬಂದಾಗ ಶುರು ಮಾಡಬಹುದು. ಜವಾರಿ ಹೇಂಟೆಗಳ ಲೆಕ್ಕವೇ ಬೇರೆ. ಹನ್ನೆರಡು ಹದಿನೈದು ತತ್ತಿ ಇಟ್ಟು, 21 ದಿನ ಅರೆಹೊಟ್ಟೆಯಲ್ಲಿ ಕಾವು ಕೂತು, ಮರಿ ಮಾಡಿ ಎದ್ದ ಮೇಲೆ ಒಂದಷ್ಟು ಗರಿ ಉದುರಿಸುವುದು ಅವುಗಳ ರೂಢಿ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲೋ, ಒಂದು ದಿನ ನೀರಿನ ಬೋಗುಣಿ ಬರಿದಾಗಿ ಉಳಿದಾಗಲೋ ಕೊರಳಿನ ಗರಿ ಮಾತ್ರ ಉದುರಿ ನಿಲ್ಲುವುದೂ ಉಂಟು.

ತತ್ತಿ ಯಾಕೆ ನಿಂತಿತು? ತತ್ತಿಯೂ ಗರಿಯೂ ಒಂದೇ ಕಣಜದಿಂದ ಬರಬೇಕು. ಗರಿಯಲ್ಲಿ ನೂರಕ್ಕೆ ಎಂಬತ್ತೈದು ಪಾಲಿಗೂ ಹೆಚ್ಚು ಪ್ರೋಟೀನು. ಎರಡು ಕಿಲೋ ತೂಗುವ ಹೇಂಟೆಯ ಮೈಮೇಲಿನ ಗರಿ ಕಡಿಮೆಯೆಂದರೂ 100 ಗ್ರಾಂ ಇರುತ್ತದೆ. 55 ಗ್ರಾಮಿನ ಒಂದು ತತ್ತಿಯಲ್ಲಿರುವ ಪ್ರೋಟೀನು ಆರೂವರೆ ಗ್ರಾಮಿನಷ್ಟು. ಅಂದರೆ ಹದಿಮೂರು ತತ್ತಿಗಳ ಸತ್ವವನ್ನು ಅದು ತನ್ನ ಮೈಮೇಲೆ ಹೊಸದಾಗಿ ನೇಯ್ದುಕೊಳ್ಳಬೇಕು. ತಿಂದದ್ದೆಲ್ಲ ನೇರವಾಗಿ ಗರಿಯಾಗುವುದಿಲ್ಲವಾದ್ದರಿಂದ ಖರ್ಚು ಇದಕ್ಕಿಂತ ಹೆಚ್ಚೇ. ಮೇಲೆ ಹೊದಿಕೆ ಇಲ್ಲದ ಮೈಯನ್ನು ಬೆಚ್ಚಗಿಡಲು ಬೇರೆ ಶಕ್ತಿ ಬೇಕು. ತತ್ತಿ ಇಡದ ಕೋಳಿಗೆ ಕಾಳು ಯಾಕೆ ಎಂದರು ಯಜಮಾನರು. ಆ ಕೋಳಿ ಈಗಲೂ ದುಡಿಯುತ್ತಲೇ ಇದೆ ಎಂದು ಅವರಿಗೆ ಹೇಳಿ. ಕಾಣುವ ಫಲ ಇಲ್ಲ, ಅಷ್ಟೆ.

ಈಗ ಒಂದು ಕೆಲಸ ಮಾಡಿ. ಕತ್ತಲಾಗಿ ಕೋಳಿಗಳು ಗೂಡಿನಲ್ಲಿ ಕೂತ ಮೇಲೆ ಬ್ಯಾಟರಿ ತೆಗೆದುಕೊಂಡು ಹೋಗಿ. ಹಗಲಲ್ಲಿ ಅಟ್ಟಿಸಿಕೊಂಡು ಹೋಗಿ ಹಿಡಿಯುವುದು ಬೇಡ. ಕೆಂಪು ಹೇಂಟೆಯನ್ನು ಎರಡೂ ಕೈಯಿಂದ ಕೆಳಗಿನಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳಿ. ಮೆಲ್ಲಗೆ ಒಂದು ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಿ. ನಡುವೆ ಒಂದು ಗಿಡ್ಡ ಗರಿ ಕಾಣುತ್ತದೆ. ಅದರ ಹೊರಮಗ್ಗುಲಿಗೆ, ರೆಕ್ಕೆಯ ತುದಿಯ ಕಡೆಗೆ, ಹತ್ತು ಉದ್ದ ಗರಿಗಳಿರುತ್ತವೆ. ಗರಿ ಬದಲಾವಣೆಯ ಇಡೀ ಲೆಕ್ಕ ಈ ಹತ್ತರಲ್ಲಿದೆ. ಮೈಯಲ್ಲಿ ಗರಿ ಬೀಳುವ ಸಾಲು ತಲೆಯಿಂದ ಶುರುವಾಗಿ ಕೊರಳು, ಎದೆ, ಮೈ ದಾಟಿ ರೆಕ್ಕೆ, ಬಾಲಕ್ಕೆ ಬರುತ್ತದೆ. ರೆಕ್ಕೆಯಲ್ಲಿ ಬೀಳುವುದು ಆ ಗಿಡ್ಡ ಗರಿಯ ಪಕ್ಕದಿಂದ ಮೊದಲಾಗಿ ತುದಿಯತ್ತ. ಹಳೆಯ ಗರಿ ಮಾಸಲು, ಅಂಚು ಎಳೆಎಳೆ ಬಿಟ್ಟಿರುತ್ತದೆ. ಹೊಸದು ಅಗಲ, ಹೊಳಪು, ಅಂಚು ಕತ್ತರಿಸಿದಂತೆ ನೇರ. ಒಂದು ಗರಿ ಪೂರ್ತಿ ಬೆಳೆಯಲು ಸುಮಾರು ಆರು ವಾರ ಬೇಕು.

ನಿಧಾನದ ಕೋಳಿ ಈ ಹತ್ತನ್ನು ಒಂದೊಂದಾಗಿ, ಸುಮಾರು ಎರಡು ವಾರಕ್ಕೊಂದರಂತೆ ಬೀಳಿಸುತ್ತದೆ. ಒಂದು ಪೂರ್ತಿ ಉದ್ದ, ಪಕ್ಕದ್ದು ಮುಕ್ಕಾಲು, ಅದರ ಪಕ್ಕದ್ದು ಅರ್ಧ, ಮುಂದಿನದು ಬರೀ ಮೊಳಕೆ, ಅದರಾಚೆ ಹಳೆಯವು. ಮೆಟ್ಟಿಲು ಕಟ್ಟಿದಂತೆ ಕಾಣುತ್ತದೆ. ಇಂಥ ಕೋಳಿಯ ಕೆಲಸ ಮುಗಿಯಲು 24 ವಾರದವರೆಗೂ ಹಿಡಿಯುತ್ತದೆ. ನೋಡುವುದಕ್ಕೆ ಇದು ಎಂದೂ ಬೋಳಾಗಿ ಕಾಣುವುದಿಲ್ಲ, ಸ್ವಲ್ಪ ಕೆದರಿದಂತೆ ಕಾಣುತ್ತದೆ ಅಷ್ಟೆ. ಹಾಗಾಗಿ ಮನೆಯವರು ಅದನ್ನು ಉಳಿಸಿಕೊಳ್ಳುತ್ತಾರೆ. ಐದಾರು ತಿಂಗಳು ತತ್ತಿಯೂ ಇರುವುದಿಲ್ಲ. ಚುರುಕಿನ ಕೋಳಿ ಮೂರು ನಾಲ್ಕು ಗರಿಗಳನ್ನು ಒಟ್ಟಿಗೇ ಬೀಳಿಸುತ್ತದೆ. ಒಟ್ಟಿಗೆ ಬಿದ್ದವು ಒಟ್ಟಿಗೇ ಬೆಳೆಯುತ್ತವೆ, ಒಂದೇ ಅಳತೆಯ ಗುಂಪಾಗಿ ಕಾಣುತ್ತವೆ. ಎಂಟರಿಂದ ಹನ್ನೆರಡು ವಾರದಲ್ಲಿ ಇದು ಕೆಲಸ ಮುಗಿಸಿ ಮತ್ತೆ ತತ್ತಿಗೆ ಬರುತ್ತದೆ. ನಿಮ್ಮ ಕೆಂಪು ಹೇಂಟೆಯ ರೆಕ್ಕೆಯಲ್ಲಿ ಗುಂಪು ಕಾಣುತ್ತದೆಯೋ ಮೆಟ್ಟಿಲು ಕಾಣುತ್ತದೆಯೋ ನೋಡಿ. ಗುಂಪು ಕಾಣುತ್ತದೆ ಎಂದೇ ನನ್ನ ಊಹೆ. ಯಜಮಾನರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಬ್ಯಾಟರಿ ಅವರ ಕೈಯಲ್ಲಿರಲಿ.

ಕೆಲವು ವರ್ಷದ ಹಿಂದೆ ಗದಗಿನ ಕಡೆಯ ಒಂದು ಸಂತೆಯಲ್ಲಿ ಹೀಗೆಯೇ ಒಂದು ಕರಿ ಜವಾರಿ ಹೇಂಟೆಯ ರೆಕ್ಕೆ ಬಿಡಿಸಿ ನೋಡಿದೆ. ಐದು ಗರಿ ಒಂದೇ ಅಳತೆಯಲ್ಲಿ ಹೆಬ್ಬೆರಳುದ್ದ ಬಂದಿದ್ದವು. ಬಾಲ ಇರಲಿಲ್ಲ, ಕೊರಳು ಕೆಂಪಗೆ ಕಾಣುತ್ತಿತ್ತು. ಮಾರುತ್ತಿದ್ದ ಅಜ್ಜಿ ಕೇಳಿದಷ್ಟು ಕೊಟ್ಟು ಮನೆಗೆ ತಂದೆ. ಸಂಕ್ರಾಂತಿ ಕಳೆದು ಎಂಟು ದಿನಕ್ಕೆ ಅದು ತತ್ತಿ ಇಟ್ಟಿತು. ಆ ಅಜ್ಜಿಗೆ ಅಂದೇ ಹೇಳಬೇಕಿತ್ತು, ಸಂತೆಯ ಗದ್ದಲದಲ್ಲಿ ಹೇಳಲಿಲ್ಲ. ಇಂದಿಗೂ ಅದು ಮನಸ್ಸಿನಲ್ಲಿದೆ.

ರೆಕ್ಕೆ ನೋಡುವಾಗ ಮೈ ಮೇಲೆ ಮುಳ್ಳಿನಂತೆ ಎದ್ದಿರುವ ಮೊಳಕೆಗಳನ್ನೂ ಗಮನಿಸಿ. ನೀಲಿ ಬೆರೆತ ಕಪ್ಪು ಬಣ್ಣ, ಮೇಣದಂಥ ತೆಳು ಕವಚ, ಒಳಗೆ ರಕ್ತ. ಆ ರಕ್ತವೇ ಬೆಳೆಯುವ ಗರಿಗೆ ಅನ್ನ. ಮುಟ್ಟಿದರೆ ಕೋಳಿಗೆ ನೋಯುತ್ತದೆ. ಸಾಧು ಕೋಳಿಯೂ ಈ ದಿನಗಳಲ್ಲಿ ಕೈಗೆ ಸಿಕ್ಕದೆ ಓಡುವುದು ಇದಕ್ಕೇ. ಒಂದು ಮೊಳಕೆ ಮುರಿದರೆ ನೋಡನೋಡುತ್ತಿದ್ದಂತೆ ರಕ್ತ ಇಳಿಯುತ್ತದೆ. ಗಾಬರಿಯಾಗಬೇಡಿ, ಶುದ್ಧ ಬಟ್ಟೆಯಲ್ಲಿ ಐದು ನಿಮಿಷ ಒತ್ತಿ ಹಿಡಿದು, ಮೇಲೆ ಅರಿಶಿನ ಪುಡಿ ಉದುರಿಸಿ. ಆದರೆ ಅದನ್ನು ಆ ದಿನ ಹಿಂಡಿಗೆ ಬಿಡಬೇಡಿ. ರಕ್ತದ ಕೆಂಪು ಕಂಡರೆ ಉಳಿದ ಕೋಳಿಗಳು ಕುಕ್ಕಲು ಶುರು ಮಾಡುತ್ತವೆ, ಆ ಚಟ ಹತ್ತಿದರೆ ಬಿಡಿಸುವುದು ಕಷ್ಟ. ಮಕ್ಕಳಿಗೂ ಹೇಳಿಡಿ, ಸಂಕ್ರಾಂತಿಯವರೆಗೆ ಕೋಳಿ ಎತ್ತಿ ಆಡಿಸುವುದು ಬೇಡ. ಗರಿ ಬಲಿತ ಮೇಲೆ ರಕ್ತ ಹಿಂದೆ ಸರಿಯುತ್ತದೆ, ಕೋಳಿ ಕೊಕ್ಕಿನಿಂದ ಕವಚ ಬಿಡಿಸಿಕೊಳ್ಳುತ್ತದೆ. ಗೂಡಿನಲ್ಲಿ ಬಿಳಿ ಹಿಟ್ಟಿನಂಥ ಪುಡಿ ಕಂಡರೆ ಅದು ಆ ಕವಚ, ಹುಳುವಲ್ಲ.

ಮೇವಿನ ವಿಷಯಕ್ಕೆ ಬರುತ್ತೇನೆ. ಈ ಉತ್ತರದಲ್ಲಿ ನೀವು ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಹಾವೇರಿ ಜಿಲ್ಲೆ ಗೋವಿನಜೋಳದ ಸೀಮೆ. ಅಕ್ಟೋಬರ್, ನವೆಂಬರಿನಲ್ಲಿ ಅಂಗಳದ ತುಂಬ ತೆನೆ ಇರುತ್ತದೆ, ಕೋಳಿಗಳೂ ಅದನ್ನೇ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಗೋವಿನಜೋಳದಲ್ಲಿ ಪ್ರೋಟೀನು ನೂರಕ್ಕೆ ಎಂಟೊಂಬತ್ತು ಪಾಲು ಮಾತ್ರ. ಗರಿ ಕಟ್ಟುವ ಕೋಳಿಗೆ ಇಪ್ಪತ್ತು ಪಾಲಿನ ಹತ್ತಿರ ಬೇಕು. ಹೊಟ್ಟೆ ತುಂಬಿರುತ್ತದೆ, ಗರಿ ಮಾತ್ರ ಮೇಲೇಳುವುದಿಲ್ಲ. ನಿಮ್ಮ ಒಂಬತ್ತು ಕೋಳಿಗೆ ದಿನಕ್ಕೆ ಒಂದು ಕಿಲೋ ಮಿಶ್ರಣ ಸಾಕು, ಹಿತ್ತಲಲ್ಲಿ ಮೇಯುವುದು ಬೇರೆ ಇದ್ದೇ ಇದೆ. ಅರ್ಧ ಕಿಲೋ ಗೋವಿನಜೋಳದ ನುಚ್ಚು, 150 ಗ್ರಾಂ ಶೇಂಗಾ ಹಿಂಡಿ, 100 ಗ್ರಾಂ ಸೂರ್ಯಕಾಂತಿ ಅಥವಾ ಎಳ್ಳಿನ ಹಿಂಡಿ, 150 ಗ್ರಾಂ ಗೋಧಿ ಬೂಸಾ ಅಥವಾ ಅಕ್ಕಿ ತೌಡು, 50 ಗ್ರಾಂ ಹುರಿದು ಒಡೆದ ಸೋಯಾಬೀನ್, 50 ಗ್ರಾಂ ಒಣ ಮೀನಿನ ಪುಡಿ. ಇಷ್ಟು ಕೂಡಿದರೆ ಇಪ್ಪತ್ತು ಪಾಲಿನ ಲೆಕ್ಕ ಬರುತ್ತದೆ. ಬೆಳಿಗ್ಗೆ ಅರ್ಧ, ಸಂಜೆ ಗೂಡು ಸೇರುವ ಮುಂಚೆ ಅರ್ಧ ಹಾಕಿ.

ಶೇಂಗಾ ಹಿಂಡಿಯೊಂದೇ ಸಾಲದೇ ಎಂದು ಕೇಳುವಿರಿ. ಸಾಲದು. ಗರಿಗೆ ಗಂಧಕ ಇರುವ ಅಮೈನೋ ಆಮ್ಲ ಬೇಕು, ಮೆಥಿಯೋನಿನ್ ಎನ್ನುತ್ತಾರೆ. ಶೇಂಗಾದಲ್ಲಿ ಪ್ರೋಟೀನು ಬಹಳ, ಇದು ಮಾತ್ರ ಕಡಿಮೆ. ಎಳ್ಳಿನಲ್ಲಿ, ಸೂರ್ಯಕಾಂತಿಯಲ್ಲಿ, ಮೀನಿನಲ್ಲಿ ಚೆನ್ನಾಗಿದೆ. ಎರಡನ್ನೂ ಕೂಡಿಸಿದಾಗ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಸೋಯಾಬೀನನ್ನು ಹಸಿಯಾಗಿ ಹಾಕಬೇಡಿ, ಹಸಿ ಸೋಯಾ ಪ್ರೋಟೀನು ಅರಗಲು ಬಿಡುವುದಿಲ್ಲ, ಚೆನ್ನಾಗಿ ಹುರಿಯಲೇಬೇಕು. ಒಣ ಮೀನಿನ ಉಪ್ಪು ಕೋಳಿಗೆ ವಿಷವಾಗಬಹುದು. ಉಪ್ಪು ಹಾಕದ ಮೀನು ಸಿಕ್ಕದಿದ್ದರೆ ನೆನೆಸಿ, ಎರಡು ಸಲ ನೀರು ಚೆಲ್ಲಿ, ಒಣಗಿಸಿ ಪುಡಿ ಮಾಡಿ. ಹತ್ತಿಕಾಳಿನ ಹಿಂಡಿ ದನಕ್ಕೆ ಸರಿ, ಕೋಳಿಗೆ ಬೇಡ. ಮೀನು ಮನೆಗೆ ತರದವರು ಎಳ್ಳಿನ ಹಿಂಡಿಯನ್ನು ತುಸು ಹೆಚ್ಚು ಮಾಡಿಕೊಳ್ಳಲಿ. ಹೊಲದ ಬದುವಿನ ಗೆದ್ದಲು ಹುತ್ತದ ಮಣ್ಣನ್ನು ಬುಟ್ಟಿಯಲ್ಲಿ ತಂದು ಮರಿಗಳ ಮುಂದೆ ಕೊಡವುವ ರೂಢಿ ನಮ್ಮ ಅಜ್ಜಿಯರಿಗಿತ್ತು. ಅದು ಗರಿ ಬದಲಿಸುವ ಕೋಳಿಗೂ ಅಷ್ಟೇ ಒಳ್ಳೆಯದು.

ಹಿಂಡಿಯ ಬಗ್ಗೆ ಒಂದು ಎಚ್ಚರ. ಹಿಂಗಾರಿ ಮಳೆಯಲ್ಲಿ ತೇವ ಕಂಡ ಶೇಂಗಾ ಹಿಂಡಿಗೆ, ಸರಿಯಾಗಿ ಒಣಗದ ಗೋವಿನಜೋಳಕ್ಕೆ ಬೂಷ್ಟು ಹಿಡಿಯುತ್ತದೆ. ಹಸಿರು ಹುಡಿ ಕಂಡರೆ, ಮುಗ್ಗಲು ವಾಸನೆ ಬಂದರೆ ಆ ತುಂಡನ್ನಷ್ಟೇ ಅಲ್ಲ, ಆ ಚೀಲವನ್ನೇ ಬಿಡಿ. ಬೂಷ್ಟಿನ ವಿಷ ಕೋಳಿಯ ಯಕೃತ್ತನ್ನು ತಿನ್ನುತ್ತದೆ, ಬಿಸಿಲಿಗೆ ಹಾಕಿದರೂ ಹುರಿದರೂ ಹೋಗುವುದಿಲ್ಲ. ಬಾಯಿಗೆ ರುಚಿಯಿಲ್ಲ ಎಂದು ನಾವು ಬಿಟ್ಟದ್ದನ್ನು ಕೋಳಿಗೆ ಹಾಕುವ ಪದ್ಧತಿ ಇದೆಯಲ್ಲ, ಬೂಷ್ಟಿನ ವಿಷಯದಲ್ಲಿ ಅದು ಸಲ್ಲದು.

ಅಂಗಡಿಯ ತತ್ತಿಕೋಳಿ ಮೇವು ಕೊಡುತ್ತಿದ್ದರೆ ಅದರಲ್ಲಿ ಪ್ರೋಟೀನು ಹದಿನಾರು ಹದಿನೆಂಟು ಪಾಲು, ಸುಣ್ಣದಂಶ ಬಹಳ. ಚಿಪ್ಪು ಕಟ್ಟದ ಕೋಳಿಗೆ ಅಷ್ಟು ಸುಣ್ಣ ಬೇಡ. ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಟ್ಟುಬಿಡಿ, ಬೇಕಾದದ್ದು ತಿನ್ನುತ್ತದೆ.

ಮೇವು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಗರಿಯೇ ಬರೆದಿಟ್ಟುಕೊಳ್ಳುತ್ತದೆ. ಗೂಡಿನಲ್ಲಿ ಬಿದ್ದಿರುವ ಒಂದು ಉದ್ದ ಗರಿಯನ್ನು ಎತ್ತಿ ಬೆಳಕಿಗೆ ಅಡ್ಡ ಹಿಡಿಯಿರಿ. ಕೆಲವು ಗರಿಗಳಲ್ಲಿ ಅಡ್ಡಡ್ಡ ತೆಳು ಗೆರೆ ಕಾಣುತ್ತದೆ, ಆ ಜಾಗದಲ್ಲಿ ಎಳೆಗಳು ಸೊರಗಿ ಬೆಳಕು ದಾಟುತ್ತದೆ. ಗರಿಯ ಆ ಭಾಗ ಬೆಳೆಯುತ್ತಿದ್ದ ದಿನ ಕೋಳಿ ಹಸಿದಿತ್ತು, ಇಲ್ಲವೇ ಬೆದರಿತ್ತು, ಇಲ್ಲವೇ ಕಾಯಿಲೆ ಬಿದ್ದಿತ್ತು. ಗರಿ ಮುರಿಯುವುದೂ ಅಲ್ಲಿಯೇ. ಈಗ ಹುಟ್ಟುತ್ತಿರುವ ಗರಿಯನ್ನು ಕೋಳಿ ಮುಂದಿನ ದೀಪಾವಳಿಯವರೆಗೆ ಹೊರಬೇಕು. ಎರಡು ದಿನ ಉಪವಾಸ ಕೆಡವಿ ಎಂದವರ ಮಾತನ್ನು ಕೇಳಬಾರದು ಎನ್ನುವುದಕ್ಕೆ ಇಷ್ಟೇ ಸಾಕು. ಹಿಂದೆ ದೊಡ್ಡ ಫಾರಂಗಳಲ್ಲಿ ಮೇವು ನೀರು ತಪ್ಪಿಸಿ ಇಡೀ ಶೆಡ್ಡಿನ ಕೋಳಿಗಳ ಗರಿಯನ್ನು ಒಟ್ಟಿಗೆ ಉದುರಿಸುವ ಪದ್ಧತಿ ಇತ್ತು, ಆ ಮಾತು ಅಲ್ಲಿಂದ ಹಳ್ಳಿಗೆ ಬಂದಿದೆ. ಅದು ಪ್ರಾಣಿ ಹಿಂಸೆ ತಡೆಯುವ 1960ರ ಕಾಯ್ದೆಗೆ ವಿರುದ್ಧ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2011ರಲ್ಲೇ ಹೇಳಿದೆ. ತಾನಾಗಿ ಗರಿ ಬಿಟ್ಟು ಬೋಳಾಗಿ ನಿಂತಿರುವ ಕೋಳಿಯನ್ನು ಉಪವಾಸ ಕೆಡವುವುದರಲ್ಲಿ ಕನಿಕರವೂ ಇಲ್ಲ, ಲಾಭವೂ ಇಲ್ಲ.

ಪಕ್ಕದ ಮನೆಯವರು ಕೊಟ್ಟ ಪುಡಿ ಯಾವುದೆಂದು ನೀವು ಬರೆದಿಲ್ಲ. ಹೀಗೆ ಕೈಯಿಂದ ಕೈಗೆ ದಾಟುವುದು ಬಹುಮಟ್ಟಿಗೆ ಹಳದಿ ಬಣ್ಣದ ಆ್ಯಂಟಿಬಯೋಟಿಕ್. ರೋಗಾಣುವೇ ಇಲ್ಲದಾಗ ಅದು ಕೊಲ್ಲುವುದು ಏನನ್ನು? ನಿಲ್ಲಿಸಿ. ಜಂತಿನ ಔಷಧವನ್ನೂ ಈಗ ನೀವಾಗಿಯೇ ಹಾಕಬೇಡಿ, ಕೆಲವು ಜಂತಿನ ಔಷಧಗಳು ಬೆಳೆಯುವ ಗರಿಯನ್ನೇ ಕೆಡಿಸುತ್ತವೆ. ಗರಿ ಬಂದ ಮೇಲೆ ವೈದ್ಯರನ್ನು ಕೇಳಿ ಹಾಕಿದರಾಯಿತು.

ಇನ್ನು ಅತ್ತೆಯವರ ಮಾತು. ಅವರು ಕೋಳಿಯ ಮೇಲಿನ ಅಕ್ಕರೆಗೇ ಹಾಗೆ ಮಾಡಿದ್ದಾರೆ, ಅವರನ್ನು ನೋಯಿಸಬೇಡಿ. ಮೆಣಸಿನಕಾಯಿ ನಿವಾಳಿಸುವುದಾದರೆ ನಿವಾಳಿಸಲಿ, ಆದರೆ ಸುಡುವುದು ಗೂಡಿನಿಂದ ದೂರ, ಒಲೆಯಲ್ಲಿ. ಮೆಣಸಿನಕಾಯಿ ಹೊಗೆಗೆ ಮನುಷ್ಯರೇ ಕೆಮ್ಮಿ ಕಣ್ಣೀರು ಸುರಿಸುತ್ತೇವೆ. ಕೋಳಿಯ ಮೈಯೊಳಗೆ ಪುಪ್ಪುಸದ ಜೊತೆಗೆ ಗಾಳಿಚೀಲಗಳೂ ಹರಡಿಕೊಂಡಿವೆ, ಮುಚ್ಚಿದ ಗೂಡಿನ ಹೊಗೆ ಅದಕ್ಕೆ ಬಹಳ ಕೆಟ್ಟದ್ದು. ಅವರ ಕೈಯಿಂದಲೇ ಒಲೆಯ ಬೂದಿ ಹಾಕಿಸಿ. ಒಂದು ಹಳೆಯ ಬುಟ್ಟಿಯಲ್ಲಿ ಒಣ ಮಣ್ಣು, ಬೂದಿ ಬೆರೆಸಿ ಇಟ್ಟರೆ ಕೋಳಿ ಅದರಲ್ಲಿ ಹೊರಳಾಡಿ ಹೇನು ಕೊಡವಿಕೊಳ್ಳುತ್ತದೆ.

ಹೇನಿನ ಮಾತು ಬಂದಿದ್ದರಿಂದ, ಯಾವಾಗ ಇದು ಗರಿ ಬದಲಾವಣೆ ಅಲ್ಲ ಎಂಬುದನ್ನೂ ಹೇಳಬೇಕು. ಬಿದ್ದ ಗರಿಯ ಬುಡ ನೋಡಿ. ತಾನಾಗಿ ಬಿದ್ದ ಗರಿಯ ಬುಡ ಒಣಗಿ, ಮುಚ್ಚಿಕೊಂಡು, ನುಣ್ಣಗಿರುತ್ತದೆ. ಬುಡದಲ್ಲಿ ರಕ್ತ ಹತ್ತಿದ್ದರೆ ಯಾವುದೋ ಕೊಕ್ಕು ಕಿತ್ತಿದೆ, ಇಲ್ಲವೇ ರಾತ್ರಿ ಬೆಕ್ಕೋ ಮುಂಗುಸಿಯೋ ಬಂದಿದೆ. ಗರಿ ನಡುವೆ ತುಂಡಾಗಿ ಮೊಂಡು ಉಳಿದಿದ್ದರೆ, ಅದೂ ಬೆನ್ನಿನ ಎರಡು ಮಗ್ಗುಲಲ್ಲಿ ಮಾತ್ರ ಇದ್ದರೆ, ಅದು ಹುಂಜದ ಕಾಲು. ಎಂಟು ಹೇಂಟೆಗೆ ಒಂದು ಹುಂಜ ಹೆಚ್ಚಲ್ಲ, ಆದರೂ ಅದಕ್ಕೆ ಪ್ರೀತಿಯ ಒಂದೆರಡು ಹೇಂಟೆಗಳಿರುತ್ತವೆ, ಪೆಟ್ಟು ಅವಕ್ಕೇ. ಗುದದ್ವಾರದ ಕೆಳಗಿನ ಗರಿ ಸರಿಸಿ ನೋಡಿದಾಗ ಗರಿಯ ಬುಡಕ್ಕೆ ಸುಣ್ಣದ ಗಂಟಿನಂತೆ ಸೀರು ಮೆತ್ತಿದ್ದರೆ ಹೇನು. ಗೂಡಿನ ಗೋಡೆಯ ಬಿರುಕಿನಲ್ಲಿ ಹಗಲು ಅಡಗಿ, ರಾತ್ರಿ ಹೊರಬಂದು ರಕ್ತ ಹೀರುವ ಉಣ್ಣೆ ಇನ್ನೂ ಕೆಟ್ಟದ್ದು. ಬ್ಯಾಟರಿ ಹಿಡಿದು ಹೋದಾಗ ಬಿರುಕುಗಳನ್ನೂ ನೋಡಿ. ಕಂಡರೆ ಬಿರುಕು ಮುಚ್ಚಿ, ಸುಣ್ಣ ಬಳಿಯಿರಿ. ಕೋಳಿಯ ಮೈಗೆ ಔಷಧ ಸಿಂಪಡಿಸುವುದನ್ನು ಮಾತ್ರ ವೈದ್ಯರು ಹೇಳಿದ ಮೇಲೆ ಮಾಡಿ, ಈಗ ಚರ್ಮ ಬರಿದಾಗಿದೆ.

ಗರಿ ಬದಲಿಸುವ ಕೋಳಿಯ ಜುಟ್ಟು ಬಿಳಚಿ ಚಿಕ್ಕದಾಗುತ್ತದೆ, ಅದು ಓಡಾಟ ಕಡಿಮೆ ಮಾಡಿ ಮೂಲೆಯಲ್ಲಿ ನಿಲ್ಲುತ್ತದೆ. ಇದು ಸಹಜ. ಆದರೆ ಕಾಳು ಹಾಕಿದಾಗ ಬರಬೇಕು. ಕಾಳಿಗೆ ಬಾರದೆ ಕಣ್ಣು ಮುಚ್ಚಿ ತೂಕಡಿಸಿದರೆ, ಹಸಿರು ಬಿಳಿ ಬೇಧಿ ಮಾಡಿದರೆ, ಬಾಯಿ ತೆರೆದು ಉಸಿರೆಳೆದರೆ, ಕತ್ತು ತಿರುಚಿದರೆ ಅದು ಕೊಕ್ಕರೆ ರೋಗವೇ (ರಾಣಿಖೇತ್) ಇರಬಹುದು, ಒಂದು ತಾಸೂ ತಡ ಮಾಡಬಾರದು. ಆ ಕೋಳಿಯನ್ನು ಬೇರೆ ಮಾಡಿ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ವಾರಕ್ಕೊಮ್ಮೆ ಎದೆಯ ಮೂಳೆಯನ್ನು ಬೆರಳಿನಿಂದ ಮುಟ್ಟಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಎರಡೂ ಬದಿ ಮಾಂಸ ತುಂಬಿದ್ದರೆ ಒಳ್ಳೆಯದು. ಕತ್ತಿಯ ಅಲಗಿನಂತೆ ಕೈಗೆ ಸಿಕ್ಕಿದರೆ ಮೇವು ಸಾಲುತ್ತಿಲ್ಲ, ಅಥವಾ ಒಳಗೆ ಬೇರೆ ಏನೋ ಇದೆ.

ಚಳಿಗೆ ಹೆಚ್ಚೇನೂ ಬೇಡ. ಕೋಳಿಗೆ ಬಟ್ಟೆ ಹೊಲಿದು ಹಾಕುವುದು ಬೇಡವೇ ಬೇಡ, ಮೊಳಕೆಗೆ ಉಜ್ಜಿ ನೋವಾಗುತ್ತದೆ. ಗಾಳಿ ಬೀಸುವ ಮಗ್ಗುಲಿಗೆ ಗೋಣಿತಾಟು ಕಟ್ಟಿ, ಮೇಲ್ಭಾಗದಲ್ಲಿ ಗಾಳಿಯಾಡಲು ಗೇಣು ಜಾಗ ಬಿಡಿ, ನೆಲಕ್ಕೆ ಒಣ ಹೊಟ್ಟು ಹರಡಿ. ಈ ಎರಡು ತಿಂಗಳು ಹೊಸ ಕೋಳಿ ತಂದು ಸೇರಿಸಬೇಡಿ, ಗೂಡು ಬದಲಿಸಬೇಡಿ. ಗೂಡಿಗೆ ಬಲ್ಬು ಹಾಕಿ ಬೆಳಕು ಹೆಚ್ಚಿಸಿದರೆ ತತ್ತಿ ಬೇಗ ಬರುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ವ್ಯಾಪಾರಕ್ಕೆ ಸಾಕುವವರ ಲೆಕ್ಕ ಬೇರೆ. ಹಿತ್ತಲ ಕೋಳಿಗೆ ಗರಿ ಮುಗಿಯುವ ಮುಂಚೆ ಬಲ್ಬು ಬೇಡ ಎಂಬುದು ನನ್ನ ಅಭಿಪ್ರಾಯ. ಅದರ ಮೈ ಕೇಳಿದ ಬಿಡುವನ್ನು ಕೊಡಿ.

ಎಷ್ಟು ದಿನ ಎಂದರೆ, ಕೆಂಪು ಹೇಂಟೆ ಸಂಕ್ರಾಂತಿಯಿಂದ ಜನವರಿ ಕೊನೆಯೊಳಗೆ ತತ್ತಿಗೆ ಬಂದರೆ ಆಶ್ಚರ್ಯವಿಲ್ಲ. ಜುಟ್ಟು ಮತ್ತೆ ಕೆಂಪೇರುತ್ತದೆ, ಬೆನ್ನು ಮುಟ್ಟಿದರೆ ಕುಕ್ಕರಗಾಲಲ್ಲಿ ಕೂರುತ್ತದೆ, ಆಮೇಲೆ ತತ್ತಿ ದೂರವಿಲ್ಲ. ವರ್ಷದ ಒಟ್ಟು ತತ್ತಿ ಹೋದ ವರ್ಷಕ್ಕಿಂತ ಕೆಲವು ಕಡಿಮೆಯಾಗಬಹುದು, ಆದರೆ ಒಂದೊಂದೂ ತುಸು ದೊಡ್ಡದು, ಚಿಪ್ಪು ಗಟ್ಟಿ. ಮೆಟ್ಟಿಲು ರೆಕ್ಕೆಯವು ಯುಗಾದಿಯವರೆಗೂ ಕಾಯಿಸಬಹುದು. ಹುಂಜವೂ ಗರಿ ಬದಲಿಸುವಾಗ ಸೊರಗಿರುತ್ತದೆ, ಹಾಗಾಗಿ ಕಾವಿಗೆ ಇಡುವ ತತ್ತಿಯನ್ನು ಅದರ ಬಾಲ ಪೂರ್ತಿ ಬಂದ ಮೇಲೆ ಆರಿಸಿ.

ಕೊನೆಗೆ, ಒಂದೊಂದು ಹೇಂಟೆಯ ಕಾಲಿಗೂ ಬೇರೆ ಬೇರೆ ಬಣ್ಣದ ದಾರ ಕಟ್ಟಿ. ಬಿಗಿಯಬೇಡಿ, ಒಂದು ಬೆರಳು ಹಿಡಿಸುವಷ್ಟು ಸಡಿಲ ಇರಲಿ. ಕ್ಯಾಲೆಂಡರಿನಲ್ಲಿ ಯಾವ ದಾರದ್ದು ಎಂದು ಗರಿ ಬಿಟ್ಟಿತು, ಎಂದು ಮೊದಲ ತತ್ತಿ ಇಟ್ಟಿತು ಎಂದು ಬರೆಯಿರಿ. ಯಜಮಾನರು ಮುಂದಿನ ದಸರೆಗೆ ಎರಡು ಕೋಳಿ ಮಾರಲೇಬೇಕು ಎಂದರೆ ಆ ಕ್ಯಾಲೆಂಡರನ್ನು ಅವರ ಮುಂದಿಡಿ. ಎಲ್ಲಕ್ಕಿಂತ ಮೊದಲು ಗರಿ ಬಿಡಲು ಶುರು ಮಾಡಿ ಯುಗಾದಿಯವರೆಗೆ ಎಳೆದ ಹೇಂಟೆ ಯಾವುದೆಂದು ಅದರಲ್ಲೇ ಇರುತ್ತದೆ. ಮಾರುವುದಾದರೆ ಅದನ್ನು ಮಾರಿ. ಆಗ ಅದರ ಮೈತುಂಬ ಗರಿ ಇರುವುದರಿಂದ ಸಂತೆಯಲ್ಲಿ ಬೆಲೆಯೂ ಸರಿಯಾಗಿಯೇ ಸಿಗುತ್ತದೆ.